ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ್ದೀರಾ? ಮೊದಲ 15 ಕಿಲೋಮೀಟರ್ ಹೀಗೆ ಓಡಿಸಿ

"ಡಿಸ್ಕ್ ಬೆಂಡ್ ಆಗಿದೆ, ಸ್ವಲ್ಪ ಸ್ಕಿಮ್ ಮಾಡಿಕೊಡಿ." ಲೇತ್ ಮುಂದೆ ನಿಂತು ಕೆಲಸ ಮಾಡಿದ ಇಷ್ಟು ವರ್ಷಗಳಲ್ಲಿ ನನ್ನ ಕಿವಿಗೆ ಮತ್ತೆ ಮತ್ತೆ ಬಿದ್ದ ಮಾತು ಇದು. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ, ಬ್ರೇಕ್ ಒತ್ತಿದಾಗ ಅದನ್ನು ಎರಡೂ ಕಡೆಯಿಂದ ಹಿಡಿಯುವುದು ಪ್ಯಾಡ್. ಸ್ಕಿಮ್ ಅಂದರೆ ಡಿಸ್ಕಿನ ಮೇಲ್ಮೈಯನ್ನು ಲೇತಿನಲ್ಲಿ ತೆಳ್ಳಗೆ ಹೆರೆಯುವುದು. ಬ್ರೇಕ್ ಒತ್ತಿದರೆ ಸ್ಟೀರಿಂಗ್ ಗಡಗಡ ನಡುಗುತ್ತದೆ, ಪೆಡಲ್ ಕಾಲಿಗೆ ಬಡಿಯುತ್ತದೆ. ಹಾಗಾದರೆ ಡಿಸ್ಕ್ ಸೊಟ್ಟಗಾಗಿದೆ ಅನ್ನುವುದು ಎಲ್ಲರ ತೀರ್ಮಾನ. ಮೊದಮೊದಲು ನಾನೂ ಹಾಗೇ ನಂಬಿದ್ದೆ.

ಒಮ್ಮೆ ಪರಿಚಯದವರೊಬ್ಬರು ಮುಂದಿನ ಎರಡೂ ಡಿಸ್ಕ್ ಬಿಚ್ಚಿಕೊಂಡು ಬಂದರು. ಪ್ಯಾಡ್, ಡಿಸ್ಕ್ ಎರಡೂ ಹೊಸದು. ಹಾಕಿಸಿ ಮೂರು ವಾರ ಆಗಿತ್ತು ಅಷ್ಟೆ. ಡಿಸ್ಕನ್ನು ಲೇತಿಗೆ ಕಟ್ಟಿ, ಡಯಲ್ ಗೇಜ್ ಇಟ್ಟು ನಿಧಾನಕ್ಕೆ ತಿರುಗಿಸಿದೆ. ಓಲಾಟ 0.03 ಮಿಲಿಮೀಟರ್. ಸಾಮಾನ್ಯವಾಗಿ ಕಾರುಗಳಲ್ಲಿ 0.05ರವರೆಗೆ ತೊಂದರೆ ಇಲ್ಲ ಅನ್ನುತ್ತೇವೆ. ಅಂದರೆ ಡಿಸ್ಕ್ ನೆಟ್ಟಗೇ ಇತ್ತು. ಆಮೇಲೆ ದೀಪವನ್ನು ಓರೆಯಾಗಿ ಹಿಡಿದು ನೋಡಿದೆ. ಡಿಸ್ಕಿನ ಮೇಲೆ ಒಂದು ಕಡೆ ಬ್ರೇಕ್ ಪ್ಯಾಡಿನದೇ ಆಕಾರದ ಕಪ್ಪು ಅಚ್ಚು. ಪ್ಯಾಡಿನ ಅಂಚು, ನಡುವಿನ ಸೀಳು ಎಲ್ಲವೂ ಅದರಲ್ಲಿ ಮೂಡಿತ್ತು.

ಏನಾಯಿತು ಅಂತ ಕೇಳಿದೆ. ಪ್ಯಾಡ್ ಹಾಕಿಸಿದ ದಿನವೇ ಅವರು ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದಿದ್ದರು. ಕೆಳಗೆ ಬಂದಾಗ ಸಿಗ್ನಲ್ ಬಿತ್ತು. ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು ನಿಂತರು. ಕಾದು ಕೆಂಡದಂತಾಗಿದ್ದ ಹಸಿ ಪ್ಯಾಡ್, ಕಾದ ಡಿಸ್ಕನ್ನು ಒಂದೇ ಜಾಗದಲ್ಲಿ ಹಿಡಿದು ನಿಂತಿತ್ತು. ಅಚ್ಚು ಬಿದ್ದದ್ದು ಅಲ್ಲಿ. "ಪ್ಯಾಡ್ ಪಳಗಿಸಬೇಕು ಅಂತ ನನಗೆ ಯಾರೂ ಹೇಳಲೇ ಇಲ್ಲ" ಅಂದರು. ಪ್ಯಾಡ್ ಹಾಕಿದವರು ಹೇಳಬೇಕಿತ್ತು, ಹೇಳಿರಲಿಲ್ಲ. ಅದಕ್ಕೇ ನಾನು ಇದನ್ನು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಪಳಗಿಸುವುದು ಅಂದರೆ ಏನು?

ಬ್ರೇಕ್ ಪ್ಯಾಡ್ ಡಿಸ್ಕನ್ನು ಉಜ್ಜಿ ನಿಲ್ಲಿಸುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಅದು ಅರ್ಧ ಮಾತ್ರ ನಿಜ. ಚೆನ್ನಾಗಿ ಪಳಗಿದ ಬ್ರೇಕಿನಲ್ಲಿ ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ತೆಳ್ಳಗೆ ಬಳಿದುಕೊಂಡಿರುತ್ತದೆ. ಆಮೇಲೆ ಪ್ಯಾಡ್ ಉಜ್ಜುವುದು ಹೆಚ್ಚಾಗಿ ತನ್ನದೇ ವಸ್ತುವಿನ ಆ ಪದರವನ್ನು. ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ, ಬಿಡುತ್ತದೆ, ಮತ್ತೆ ಕಚ್ಚಿಕೊಳ್ಳುತ್ತದೆ. ಹಿಡಿತ ಬರುವುದು ಹಾಗೆ. ಪದರ ಇಲ್ಲದಿದ್ದರೆ ಬರಿಯ ಕಬ್ಬಿಣವನ್ನು ಕೆರೆಯುವುದೇ ಆಗುತ್ತದೆ. ಹಿಡಿತ ಕಡಿಮೆ, ಸವೆತ ಜಾಸ್ತಿ. ಆ ಪದರವನ್ನು ಡಿಸ್ಕಿನ ತುಂಬ ಒಂದೇ ಸಮನೆ ಕೂರಿಸುವುದೇ ಪಳಗಿಸುವುದು.

ಕರಿಹಲಗೆಯ ಮೇಲೆ ಸೀಮೆಸುಣ್ಣ ಅಡ್ಡ ಹಿಡಿದು ಸವರಿದ್ದು ನೆನಪಿದೆ ಅಲ್ವಾ? ಹಗುರವಾಗಿ ಹತ್ತು ಸಲ ಸವರಿದರೆ ಹಲಗೆ ತುಂಬ ಒಂದೇ ಸಮನೆ ಬಿಳಿಯಾಗುತ್ತದೆ. ಒಂದೇ ಜಾಗದಲ್ಲಿ ಒತ್ತಿ ತಿರುವಿದರೆ ಅಲ್ಲೇ ದಪ್ಪಗೆ ಮೆತ್ತಿಕೊಳ್ಳುತ್ತದೆ. ಡಿಸ್ಕಿನಲ್ಲೂ ಇದೇ ಕತೆ. ಹಾಗೆ ಮೆತ್ತಿಕೊಂಡ ಜಾಗ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ದಪ್ಪ ಇದ್ದರೂ ಸಾಕು, ವೇಗದಲ್ಲಿ ಬ್ರೇಕ್ ಒತ್ತಿದಾಗ ಕೈಗೆ, ಕಾಲಿಗೆ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಇದೆ. ಪ್ಯಾಡಿನ ಪುಡಿಯನ್ನೆಲ್ಲ ಹಿಡಿದಿಡುವುದು ಒಂದು ಬಗೆಯ ರಾಳ. ಹೊಸ ಪ್ಯಾಡ್ ಮೊದಲ ಸಲ ಚೆನ್ನಾಗಿ ಕಾದಾಗ ಅದರಿಂದ ಅನಿಲ ಹೊರಬರುತ್ತದೆ. ಆ ಅನಿಲ ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿಕೊಂಡರೆ ಬ್ರೇಕ್ ಒತ್ತಿದರೂ ಕಾರು ನಿಲ್ಲದೆ ಜಾರಿದಂತೆ ಅನಿಸುತ್ತದೆ. ಆ ಮೊದಲ ಕಾವು ಖಾಲಿ ರಸ್ತೆಯಲ್ಲಿ, ನೀವು ಸಿದ್ಧವಾಗಿರುವಾಗ ಬರಲಿ. ಮಗು ಅಡ್ಡ ಬಂದಾಗ ಬರುವುದು ಬೇಡ.

ಹೊರಡುವ ಮುಂಚೆ

ಮೊಟ್ಟಮೊದಲು, ಕಾರು ಒಂದಿಂಚೂ ಅಲುಗುವ ಮುಂಚೆ, ಬ್ರೇಕ್ ಪೆಡಲ್ ಒತ್ತಿ. ಹೊಸ ಪ್ಯಾಡ್ ಕೂರಿಸಲು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತಾರೆ. ಹಾಗಾಗಿ ಮೊದಲ ಸಲ ಪೆಡಲ್ ನೆಲದವರೆಗೆ ಹೋಗುತ್ತದೆ, ಬ್ರೇಕ್ ಇರುವುದೇ ಇಲ್ಲ. ನಿಧಾನಕ್ಕೆ ಹತ್ತು ಹದಿನೈದು ಸಲ ಒತ್ತಿ ಬಿಡಿ, ಪೆಡಲ್ ಗಟ್ಟಿಯಾಗುವವರೆಗೆ. ಎಂಜಿನ್ ಸ್ಟಾರ್ಟ್ ಮಾಡಿದಾಗ ಅದು ಸ್ವಲ್ಪ ಕೆಳಗಿಳಿಯುತ್ತದೆ. ಅದು ಸರಿಯಾದ ಲಕ್ಷಣವೇ, ಕಾಲಿನ ಒತ್ತಡವನ್ನು ಹೆಚ್ಚಿಸುವ ಬೂಸ್ಟರ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಆದರೆ ಒತ್ತಿ ಹಿಡಿದಾಗ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ, ಅಥವಾ ಕೆಳಗೆ ಇಳಿಯುತ್ತಲೇ ಹೋದರೆ, ಅಂದು ಹೊರಡಲೇಬೇಡಿ. ಬ್ರೇಕ್ ಆಯಿಲ್ ಹೋಗುವ ಲೈನಿನಲ್ಲಿ ಗಾಳಿ ಇರಬಹುದು, ಸೋರಿಕೆ ಇರಬಹುದು.

ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಎರಡು ಗೆರೆಗಳ ನಡುವೆ ಇದೆಯಾ ನೋಡಿ. ಹಳೆಯ ಪ್ಯಾಡ್ ಸವೆದಿದ್ದಾಗ ಯಾರಾದರೂ ಮೇಲೆ ತುಂಬಿಸಿದ್ದರೆ ಈಗ ಅದು ಉಕ್ಕುವಷ್ಟಾಗಿರುತ್ತದೆ. ಪೇಂಟಿನ ಮೇಲೆ ಚೆಲ್ಲಿದರೆ ಪೇಂಟ್ ಕಿತ್ತು ಬರುತ್ತದೆ, ಹುಷಾರು.

ಡಿಸ್ಕಿನ ಬಗ್ಗೆ ನಾನು ಸ್ವಲ್ಪ ಹಟ ಮಾಡುತ್ತೇನೆ. ಹೊಸ ಡಿಸ್ಕ್ ಆದರೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಅದನ್ನು ಬ್ರೇಕ್ ಕ್ಲೀನರ್ ಹಾಕಿ, ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ ಒರೆಸಬೇಕು. ಸೀಮೆಎಣ್ಣೆ, ಡೀಸೆಲ್ ಬೇಡವೇ ಬೇಡ. ಅವು ತಾವೇ ಎಣ್ಣೆಯ ಪೊರೆ ಬಿಟ್ಟು ಹೋಗುತ್ತವೆ. ಹಳೆಯ ಡಿಸ್ಕನ್ನೇ ಉಳಿಸಿಕೊಂಡಿದ್ದರೆ ಅದರ ಮೇಲೆ ಹಳೆಯ ಪ್ಯಾಡಿನ ಪದರ ಇರುತ್ತದೆ. ಹೊಸ ಪ್ಯಾಡಿನ ವಸ್ತು ಬೇರೆ, ಎರಡೂ ಬೆರೆತರೆ ಹೊಂದುವುದಿಲ್ಲ. 120 ನಂಬರಿನ ಎಮರಿ ಕಾಗದದಲ್ಲಿ ಎರಡೂ ಮುಖ ಉಜ್ಜಿ. ಒಂದೇ ದಿಕ್ಕಿಗೆ ಗೀರು ಬೀಳದ ಹಾಗೆ, ಕೈಯನ್ನು ಸುತ್ತು ಸುತ್ತಾಗಿ ಆಡಿಸಿ. ಹೊಳಪು ಹೋಗಿ ಮಂಕು ಬೂದಿ ಬಣ್ಣ ಬಂದರೆ ಸಾಕು. ಪುಡಿಯನ್ನು ಬಾಯಿಂದಾಗಲಿ ಏರ್ ಪೈಪಿನಿಂದಾಗಲಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ. ಡಿಸ್ಕಿನ ಮೇಲೆ ಇಷ್ಟಕ್ಕಿಂತ ತೆಳುವಾಗಬಾರದು ಅಂತ ಒಂದು ಅಳತೆ ಒತ್ತಿರುತ್ತಾರೆ, 'ಮಿನ್ ಟಿಎಚ್' ಅಂತ ಇರುತ್ತದೆ. ಅದಕ್ಕಿಂತ ತೆಳುವಾಗಿದ್ದರೆ ಯಾವ ಪಳಗಿಸುವಿಕೆಯೂ ಅದನ್ನು ಕಾಪಾಡದು.

ಚಕ್ರದ ನಟ್‌ಗಳನ್ನು ಎದುರುಬದುರಾಗಿ, ಕಂಪನಿ ಹೇಳಿದ ಟಾರ್ಕಿಗೆ, ಅಂದರೆ ಬಿಗಿತದ ಅಳತೆಗೆ, ಬಿಗಿಯಬೇಕು. ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಬಿಗಿದರೆ ಆ ಎಳೆತಕ್ಕೇ ಡಿಸ್ಕ್ ಓಲಾಡಲು ಶುರುವಾಗುತ್ತದೆ. ಡಿಸ್ಕಿಗೂ ಅದು ಕೂರುವ ಹಬ್ಬಿಗೂ ನಡುವೆ ತುಕ್ಕಿನ ಒಂದು ಚೂರು ಸಿಕ್ಕಿಕೊಂಡರೂ ಹಾಗೇ. ನನ್ನ ಹತ್ತಿರ 'ಬೆಂಡ್' ಅಂತ ಬಂದ ಕೆಲವು ಡಿಸ್ಕ್‌ಗಳ ಹಿಂದೆ ಇದ್ದದ್ದು ಅಂಥ ಒಂದು ಚೂರು ಮಾತ್ರ.

ಎಷ್ಟು ಕಾಯಿಸಬೇಕು

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಆಮೇಲೆ ಹೇಳುವುದು ಸುಮ್ನೆ ನಿಯಮದ ಹಾಗೆ ಕಾಣುವುದಿಲ್ಲ. 1,200 ಕೆಜಿ ತೂಕದ ಕಾರು ಗಂಟೆಗೆ 60 ಕಿಲೋಮೀಟರಿನಲ್ಲಿ ಓಡುವಾಗ ಅದರಲ್ಲಿ ಸುಮಾರು 167 ಕಿಲೋಜೌಲ್ ಶಕ್ತಿ ಇರುತ್ತದೆ. 10ಕ್ಕೆ ಇಳಿದಾಗ ಉಳಿಯುವುದು 5ಕ್ಕಿಂತ ಕಡಿಮೆ. ಮಿಕ್ಕಿದ್ದೆಲ್ಲ ಬ್ರೇಕಿನಲ್ಲಿ ಶಾಖವಾಗುತ್ತದೆ. ಅದರಲ್ಲಿ ನೂರಕ್ಕೆ ಸುಮಾರು 70 ಪಾಲು ಮುಂದಿನ ಬ್ರೇಕಿಗೆ ಅಂತ ಇಟ್ಟುಕೊಳ್ಳಿ. ಮುಂದಿನ ಒಂದೊಂದು ಡಿಸ್ಕ್ 5 ಕೆಜಿ ಇದ್ದರೆ, ಒಂದು ಸಲ ಬ್ರೇಕ್ ಒತ್ತಿದಾಗ ಅದರ ಬಿಸಿ ಸುಮಾರು 25 ಡಿಗ್ರಿ ಏರುತ್ತದೆ. ಹತ್ತು ಸಲ ಒತ್ತಿದರೆ 250. ನಡುನಡುವೆ ಗಾಳಿಗೆ ಆರುವುದರಿಂದ ಅಷ್ಟು ಏರುವುದಿಲ್ಲ, ಅದಕ್ಕಿಂತ ಕೆಳಗೆ ನಿಲ್ಲುತ್ತದೆ. ಸಾಮಾನ್ಯ ಪ್ಯಾಡಿಗೆ ಮೆಲ್ಲಗೆ ಏರುವ ಈ ಕಾವು ಬೇಕು.

ವೇಗ ದುಪ್ಪಟ್ಟು ಮಾಡಿದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ "ಹೈವೇಗೆ ಹೋಗಿ ನೂರರಲ್ಲಿ ನಾಲ್ಕು ಸಲ ಜೋರಾಗಿ ಬ್ರೇಕ್ ಹಾಕಿ, ಸೆಟ್ ಆಗುತ್ತದೆ" ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅದು ರೇಸಿನ ಪ್ಯಾಡಿನವರ ರೀತಿ. ದಿನದ ಓಡಾಟದ ಪ್ಯಾಡಿನ ಮೇಲ್ಮೈ ಅಷ್ಟು ಬೇಗ ಕಾದರೆ ಗಾಜಿನಂತೆ ನುಣುಪಾಗಿಬಿಡುತ್ತದೆ, ಆಮೇಲೆ ಕಚ್ಚುವುದೇ ಇಲ್ಲ.

ಹತ್ತು ಸಲ ಒತ್ತಿ, ನಿಲ್ಲಿಸಬೇಡಿ

ಒಣಗಿದ, ನೇರವಾದ, ಹಿಂದೆ ಮುಂದೆ ವಾಹನ ಇಲ್ಲದ ರಸ್ತೆ ಬೇಕು. ಬೆಳಗಿನ ಜಾವ ಒಳ್ಳೆಯದು. ಮಳೆ ಇದ್ದರೆ ಮುಂದೂಡಿ, ನೀರು ಬಿದ್ದ ಡಿಸ್ಕ್ ಕಾಯುವುದೇ ಇಲ್ಲ. ಒಬ್ಬರೇ ಹೋಗಿ. ಹಿಂದಿನ ಸೀಟಿನಲ್ಲಿ, ಡಿಕ್ಕಿಯಲ್ಲಿ ಸಡಿಲ ಸಾಮಾನು ಇರಬಾರದು.

ಮೊದಲು ನಡಿಗೆಯ ವೇಗದಲ್ಲಿ ಎರಡು ಮೂರು ಸಲ ಒತ್ತಿ ನೋಡಿ. ಕಾರು ನೇರವಾಗಿ ನಿಲ್ಲುತ್ತದಾ, ಒಂದು ಕಡೆ ಎಳೆಯುತ್ತದಾ, ಏನಾದರೂ ಕರಕರ ಅನ್ನುತ್ತದಾ? ಎಲ್ಲ ಸರಿ ಇದ್ದರೆ 40ರ ವೇಗದಲ್ಲಿ ಮೂರು ನಾಲ್ಕು ಸಲ ಹಗುರವಾಗಿ ಒತ್ತಿ ಎಲ್ಲವನ್ನೂ ಸ್ವಲ್ಪ ಬೆಚ್ಚಗೆ ಮಾಡಿ.

ಈಗ ನಿಜವಾದ ಕೆಲಸ. 60ಕ್ಕೆ ಬನ್ನಿ. ಕನ್ನಡಿ ನೋಡಿ. ಬ್ರೇಕನ್ನು ಒಂದೇ ಸಮನೆ ಒತ್ತಿ 10ಕ್ಕೆ ಇಳಿಸಿ. ಎಷ್ಟು ಗಟ್ಟಿ? ನಾಲ್ಕೈದು ಸೆಕೆಂಡಿನಲ್ಲಿ, ಸುಮಾರು 45 ಮೀಟರಿನಲ್ಲಿ ಇಳಿಯುವಷ್ಟು. ಪಕ್ಕದ ಸೀಟಿನ ಮೇಲೆ ಚೀಲ ಇದ್ದರೆ ಜಾರಲೋ ಬೇಡವೋ ಅನ್ನುವಷ್ಟು. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಗರಗರ ಅಂದರೆ ನೀವು ಜಾಸ್ತಿ ಒತ್ತಿದ್ದೀರಿ. 10 ಮುಟ್ಟಿದ ಕೂಡಲೇ ಪೆಡಲ್ ಪೂರ್ತಿ ಬಿಡಿ. ನಿಲ್ಲಿಸಬೇಡಿ. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಕಾದ ಬ್ರೇಕಿನಲ್ಲಿ ಚಕ್ರ ನಿಲ್ಲಬಾರದು. ನಿಂತರೆ ಅಚ್ಚು.

ಆಮೇಲೆ ಮೆಲ್ಲಗೆ ಮತ್ತೆ 60ಕ್ಕೆ ಹೋಗಿ, ಸುಮಾರು 30 ಸೆಕೆಂಡು ಬ್ರೇಕ್ ಮುಟ್ಟದೆ ಓಡಿಸಿ. ಆ ವೇಗದಲ್ಲಿ ಅದು ಅರ್ಧ ಕಿಲೋಮೀಟರ್ ಆಗುತ್ತದೆ. ಬಿಸಿ ಡಿಸ್ಕಿನ ಮೇಲ್ಮೈಯಿಂದ ಒಳಗೆ ಇಳಿಯಲು ಅಷ್ಟು ಹೊತ್ತು ಬೇಕು. ಮತ್ತೆ 10ಕ್ಕೆ ಇಳಿಸಿ. ಹೀಗೆ ಎಂಟರಿಂದ ಹತ್ತು ಸಲ. ಒಟ್ಟು ಆರೇಳು ಕಿಲೋಮೀಟರ್ ರಸ್ತೆ ಬೇಕಾಗುತ್ತದೆ.

ಐದಾರನೆಯ ಸಲಕ್ಕೆ ಸುಟ್ಟ ವಾಸನೆ ಬರಬಹುದು. ಚಕ್ರದಿಂದ ತೆಳ್ಳಗೆ ಹೊಗೆಯೂ ಕಾಣಬಹುದು. ಹೆದರಬೇಡಿ, ರಾಳದ ಅನಿಲ ಹೋಗುತ್ತಿದೆ. ಪೆಡಲಿನ ಹಿಡಿತ ಒಂದೆರಡು ಸಲ ಸಡಿಲಾದಂತೆ ಅನಿಸಿ ಆಮೇಲೆ ಮೊದಲಿಗಿಂತ ಚೆನ್ನಾಗಿ ಕಚ್ಚಲು ಶುರುವಾದರೆ ಪದರ ಕೂರುತ್ತಿದೆ ಅಂತ. ಅದೇ ಪೆಡಲ್ ಒಮ್ಮೆಲೇ ಮೆತ್ತಗಾಗಿ ಆಳಕ್ಕೆ ಹೋದರೆ ಮಾತು ಬೇರೆ. ಈ ಪಳಗಿಸುವ ಕೆಲಸವನ್ನು ಅಲ್ಲಿಗೇ ಬಿಟ್ಟುಬಿಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕುದಿಯುವುದು ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತೇವ ಸೇರಿದ ಮೇಲೆ ಅದು 155ರವರೆಗೂ ಇಳಿಯಬಹುದು. ಕುದ್ದ ಆಯಿಲಿನಲ್ಲಿ ಗುಳ್ಳೆ ಏಳುತ್ತದೆ, ನಿಮ್ಮ ಕಾಲು ಒತ್ತುವುದು ಆ ಗುಳ್ಳೆಯನ್ನು ಮಾತ್ರ. ವರ್ಷಗಟ್ಟಲೆ ಆಯಿಲ್ ಬದಲಿಸಿಲ್ಲದಿದ್ದರೆ ಮೊದಲು ಅದನ್ನು ಬದಲಿಸಿ, ಆಮೇಲೆ ಈ ಕೆಲಸಕ್ಕೆ ಬನ್ನಿ.

ಪ್ಯಾಡಿನ ಡಬ್ಬಿಯ ಒಳಗೆ ಚೀಟಿ ಇದ್ದರೆ ಅದರ ಮಾತು ನನ್ನ ಮಾತಿಗಿಂತ ಮೇಲು. ಕೆಲವರು 50ರ ವೇಗ ಸಾಕು ಅನ್ನುತ್ತಾರೆ, ಕೆಲವರು ಮೂವತ್ತು ಸಲ ಅನ್ನುತ್ತಾರೆ. ಅವರ ವಸ್ತು ಅವರಿಗೆ ಗೊತ್ತು.

ತಣಿಸುವುದು ಅರ್ಧ ಕೆಲಸ

ಹತ್ತನೆಯ ಸಲ ಮುಗಿದ ಕೂಡಲೇ "ಆಯ್ತು" ಅಂತ ಬದಿಗೆ ನಿಲ್ಲಿಸಿ ಇಳಿದು ನೋಡುವ ಆಸೆ ಆಗುತ್ತದೆ. ಎಷ್ಟೋ ಜನ ಎಲ್ಲವನ್ನೂ ಸರಿಯಾಗಿ ಮಾಡಿ ಇಲ್ಲಿ ಕೆಡಿಸಿಕೊಳ್ಳುತ್ತಾರೆ. ಡಿಸ್ಕ್ ಅತಿ ಹೆಚ್ಚು ಕಾದಿರುವ ಹೊತ್ತು ಅದು. ಇನ್ನೂ ಹತ್ತು ನಿಮಿಷ, ಎಂಟು ಹತ್ತು ಕಿಲೋಮೀಟರ್, ಬ್ರೇಕ್ ಆದಷ್ಟು ಮುಟ್ಟದೆ ಓಡಿಸಿ. ಗಾಳಿ ಅದನ್ನು ಎಲ್ಲ ಕಡೆಯಿಂದ ಒಂದೇ ಸಮನೆ ತಣಿಸಲಿ. ವೇಗ ಕಡಿಮೆ ಮಾಡಬೇಕಾದರೆ ಗೇರ್ ಇಳಿಸಿ.

ದಾರಿಯಲ್ಲಿ ನಿಲ್ಲಲೇಬೇಕಾಯಿತು ಅಂದುಕೊಳ್ಳಿ. ಮುಂದೆ ಜಾಗ ಬಿಟ್ಟು ನಿಲ್ಲಿಸಿ, ರಸ್ತೆ ಸಮತಟ್ಟಾಗಿದ್ದರೆ ಪೆಡಲ್ ಬಿಟ್ಟು ಆಗಾಗ ಒಂದಡಿ ಮುಂದೆ ಸರಿಯಿರಿ. ಪ್ಯಾಡ್ ಒಂದೇ ಜಾಗ ಹಿಡಿದಿರಬಾರದು, ಅಷ್ಟೇ ಉದ್ದೇಶ. ಜೀವಕ್ಕೆ ಅಪಾಯ ಅನಿಸಿದರೆ ಇದನ್ನೆಲ್ಲ ಮರೆತು ಬ್ರೇಕನ್ನು ಪೂರ್ತಿ ಒತ್ತಿ ನಿಲ್ಲಿಸಿ. ಡಿಸ್ಕ್ ಮತ್ತೆ ತರಬಹುದು.

ಮನೆ ಮುಟ್ಟಿದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿ ಬಿಡಿ, ಚಕ್ರಕ್ಕೆ ಕಲ್ಲು ಕೊಡಿ. ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಹಿಂದಿನ ಚಕ್ರದ ಪ್ಯಾಡ್ ಬದಲಿಸಿದ್ದರಂತೂ ಎಳೆಯಲೇಬೇಡಿ. ನೀರು ಹಾಕಿ ಚಕ್ರ ತೊಳೆಯುವುದೂ ಅಂದು ಬೇಡ.

ಆಮೇಲೆ ನೋಡಬೇಕಾದ್ದು

ಪೂರ್ತಿ ಆರಿದ ಮೇಲೆ ಚಕ್ರದ ಕಡ್ಡಿಗಳ ನಡುವಿನಿಂದ ಡಿಸ್ಕ್ ನೋಡಿ. ಪ್ಯಾಡ್ ಓಡಾಡುವ ಪಟ್ಟಿ ಪೂರ್ತಿ ಒಂದೇ ಬೂದು ಬಣ್ಣಕ್ಕೆ ತಿರುಗಿರಬೇಕು, ಕೆಲವು ಪ್ಯಾಡಿನಲ್ಲಿ ತುಸು ನೀಲಿ ಛಾಯೆ ಇರುತ್ತದೆ. ಉಜ್ಜಿದ ಗೀರುಗಳು ಇನ್ನೂ ಹೊಳೆಯುತ್ತಿದ್ದರೆ ಪದರ ಸಾಲದು, ಮಾರನೆಯ ದಿನ ಇನ್ನೊಂದು ಸುತ್ತು ಮಾಡಿ. ಒಂದು ಚಕ್ರದ ಪಟ್ಟಿ ತುಂಬ ಕಪ್ಪಾಗಿ, ಇನ್ನೊಂದು ಬೆಳ್ಳಗೆ ಇದ್ದರೆ ಕ್ಯಾಲಿಪರಿನ ಪಿನ್ ಅಥವಾ ಪಿಸ್ಟನ್ ಸಿಕ್ಕಿಕೊಂಡಿದೆಯಾ ನೋಡಿಸಿ.

ಮೊದಲ 300 ಕಿಲೋಮೀಟರ್ ಸುಮ್ನೆ ಜೋರಾಗಿ ಬ್ರೇಕ್ ಹಾಕಬೇಡಿ, ಇಳಿಜಾರಿನಲ್ಲಿ ಗೇರ್ ಇಳಿಸಿಕೊಂಡು ಹೋಗಿ. 100 ಕಿಲೋಮೀಟರ್ ಆದ ಮೇಲೆ ಚಕ್ರದ ನಟ್‌ಗಳ ಟಾರ್ಕ್ ಇನ್ನೊಮ್ಮೆ ನೋಡಿ.

ಹಿಂದಿನ ಚಕ್ರದಲ್ಲಿ ಡಿಸ್ಕಿನ ಬದಲು ಡ್ರಮ್ ಇದ್ದು, ಅದನ್ನು ಒಳಗಿನಿಂದ ಒತ್ತುವ ಶೂ ಬದಲಿಸಿದ್ದರೆ ಪಳಗುವುದು ನಿಧಾನ. ಡ್ರಮ್ಮಿನ ಸುತ್ತಿಗೆ ಶೂ ತಾನೇ ಸವೆದು ಹೊಂದಿಕೊಳ್ಳಬೇಕು. ಬ್ಯಾಟರಿ ಕಾರು, ಹೈಬ್ರಿಡ್ ಇಟ್ಟುಕೊಂಡವರಿಗೆ ಒಂದು ಮಾತು. ಮೋಟಾರೇ ಕಾರನ್ನು ನಿಧಾನಿಸಿಬಿಟ್ಟರೆ ಪ್ಯಾಡಿಗೆ ಕೆಲಸವೇ ಸಿಗುವುದಿಲ್ಲ. ಆ ಹಿಡಿತವನ್ನು ಕಡಿಮೆ ಮಾಡುವ ಸೌಲಭ್ಯ ಇದ್ದರೆ ಅದನ್ನು ಕಡಿಮೆಗೆ ಇಟ್ಟು ಈ ಹತ್ತು ಸಲ ಮಾಡಿ.

ಈಗಾಗಲೇ ನಡುಕ ಶುರುವಾಗಿದೆ ಅನ್ನುವವರು ಡಿಸ್ಕ್ ಬಿಚ್ಚಿ ಲೇತಿಗೆ ಓಡಬೇಡಿ. ಮೊದಲು ಇದೇ ಹತ್ತು ಸಲದ ಸುತ್ತನ್ನು ಒಂದೆರಡು ದಿನ ಮಾಡಿ ನೋಡಿ. ಅಚ್ಚು ಹೊಸದಾಗಿದ್ದರೆ ಎಷ್ಟೋ ಸಲ ಉಜ್ಜಿಕೊಂಡು ಹೋಗುತ್ತದೆ. ಹಾಗೇ ಬಿಟ್ಟುಬಿಟ್ಟರೆ ಅಚ್ಚಿನ ಜಾಗ ಪ್ರತಿ ಸಲವೂ ಬೇರೆ ಕಡೆಗಿಂತ ಜಾಸ್ತಿ ಕಾಯುತ್ತದೆ. 650, 700 ಡಿಗ್ರಿ ದಾಟಿದರೆ ಅಲ್ಲಿನ ಕಬ್ಬಿಣದ ಗುಣವೇ ಬದಲಾಗಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅಂಥ ಡಿಸ್ಕ್ ಲೇತಿಗೆ ಬಂದರೆ ನನಗೆ ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತದೆ. ಟೂಲ್ ಆ ಜಾಗಕ್ಕೆ ಬಂದಾಗಲೆಲ್ಲ ಸದ್ದು ಬದಲಾಗುತ್ತದೆ, ಪ್ರತಿ ಸುತ್ತಿಗೂ ಒಂದು 'ಟಿಕ್'. ಮೇಲೆ ಎಷ್ಟು ನುಣ್ಣಗೆ ಮಾಡಿಕೊಟ್ಟರೂ ಆ ಗಟ್ಟಿ ಜಾಗ ಉಳಿದದ್ದಕ್ಕಿಂತ ನಿಧಾನವಾಗಿ ಸವೆಯುತ್ತದೆ. ಕೆಲವು ಸಾವಿರ ಕಿಲೋಮೀಟರಿನಲ್ಲಿ ಅದೇ ನಡುಕ ವಾಪಸ್.

ಆ ಪರಿಚಯದವರ ಡಿಸ್ಕಿನಲ್ಲಿ ಟಿಕ್ ಕೇಳಿಸಲಿಲ್ಲ. ಎರಡೂ ಮುಖದಲ್ಲಿ ತುಸುವೇ ತೆಗೆದು, ಎಮರಿ ಉಜ್ಜಿ ಕೊಟ್ಟೆ. ಪ್ಯಾಡಿನ ಮೇಲ್ಮೈಯನ್ನೂ ಸಮತಟ್ಟಾದ ಕಲ್ಲಿನ ಮೇಲೆ ಎಮರಿ ಹಾಸಿ ಉಜ್ಜಿದೆವು. ಮಾರನೆಯ ಬೆಳಗಿನ ಜಾವ ಪಕ್ಕದ ಸೀಟಿನಲ್ಲಿ ನಾನೇ ಕೂತು, ಗಟ್ಟಿಯಾಗಿ ಎಣಿಸುತ್ತಾ ಹೋದೆ. ಏಳನೆಯ ಸಲಕ್ಕೆ ಅವರೇ ಹೇಳಿದರು, "ಈಗ ಕಚ್ಚುತ್ತಿದೆ."